ಹಕ್ಕಿಯೊಂದಕ್ಕೆ ಎಷ್ಟು ಗುಂಡು?

ನನ್ನ ತಾಯಿಯ ತವರಿನಲ್ಲಿ, ನಡುಮನೆಯ ಗೂಡಿನೊಳಗೆ, ಒಂದು ಹಿತ್ತಾಳೆಯ ಹೂದಾನಿ ಇತ್ತು. ಹೂದಾನಿ ಎಂದು ನಾವು ಕರೆಯುತ್ತಿದ್ದೆವೇ ಹೊರತು ಅದನ್ನು ತಯಾರಿಸಿದವರು ಹೂವಿಗೆಂದು ತಯಾರಿಸಿದ್ದಲ್ಲ. ಒಂದಡಿ ಎತ್ತರ, ಬುಡ ಅಗಲ, ಬಾಯಿ ಕಿರಿದು, ತಳದಲ್ಲಿ ಕೆಲವು ಇಂಗ್ಲಿಷ್ ಅಕ್ಷರಗಳು, ಅಂಕೆಗಳು. 40 ಮಿಲಿಮೀಟರಿನ ಬೋಫೋರ್ಸ್ ವಿಮಾನವಿರೋಧಿ ತೋಪಿನಿಂದ ಹಾರಿಹೋದ ಗುಂಡೊಂದರ ಖಾಲಿ ತೋಟೆ ಅದು. ಬೋಫೋರ್ಸ್ ಎಂದೊಡನೆ ಕೇಳುಗರಿಗೆ 1980ರ ದಶಕದ ಇನ್ನೊಂದು ತೋಪು ನೆನಪಾದೀತು. ಇದು ಅದಲ್ಲ, ಅದಕ್ಕಿಂತ ಅರ್ಧ ಶತಮಾನದಷ್ಟು ಹಿರಿಯದು. ಎರಡನೆಯ ಮಹಾಯುದ್ಧದಲ್ಲಿ ಎರಡೂ ಪಕ್ಷದವರು ಬಳಸಿದ್ದು.

ಆ ತೋಟೆಯನ್ನು ತಂದವರು ನನ್ನ ಸೋದರಮಾವ. 1971ರ ಡಿಸೆಂಬರ್ ಯುದ್ಧದಲ್ಲಿ ಅವರು ಪಂಜಾಬಿನ ವಿಮಾನನಿಲ್ದಾಣವೊಂದರ ಬಳಿ ತೋಪಿನ ಹಿಂದೆ ನಿಂತಿದ್ದರು. ಯುದ್ಧ ಮುಗಿದು ರಜೆಯಲ್ಲಿ ಊರಿಗೆ ಬಂದಾಗ ನಾನು ಹನ್ನೊಂದು ವರ್ಷದ ಹುಡುಗ. ಸಂಜೆ ಜಗಲಿಯ ತುಂಬ ಜನ. ನನ್ನ ಅಜ್ಜನೇ ಮೊದಲು ಕೇಳಿದ್ದು: "ಎಷ್ಟು ವಿಮಾನ ಕೆಡವಿದೆಯೋ?" ಮಾವ ತಲೆ ತಗ್ಗಿಸಿ, "ನಮ್ಮ ತೋಪಿಗೆ ಒಂದೂ ಬೀಳಲಿಲ್ಲ ಅಪ್ಪ," ಎಂದರು. "ಗುಂಡು ಎಷ್ಟು ಹೊಡೆದೆ?" "ಲೆಕ್ಕ ಇಟ್ಟವರು ಬೇರೆ. ನೂರಾರು ಇರಬಹುದು." ಅಜ್ಜ ಜಗಲಿಯ ಕಡೆಗೊಮ್ಮೆ ನೋಡಿ, "ದಂಡಿಗೆ ಹೋಗಿ ದಂಡ ಮಾಡಿ ಬಂದ ನೋಡಿ," ಎಂದರು. ಎಲ್ಲರೂ ನಕ್ಕರು. ಅಜ್ಜನ ಶ್ಲೇಷೆ ಚೆನ್ನಾಗಿತ್ತು, ನಾನೂ ನಕ್ಕೆ. ಮಾವ ನಗಲಿಲ್ಲ. ಆ ಮಾತು ಊರಿನಲ್ಲಿ ಹತ್ತಾರು ವರ್ಷ ಉಳಿಯಿತು.

ಅಧ್ಯಾಪನದಿಂದ ನಿವೃತ್ತನಾದ ಮೇಲೆ, ನನ್ನ ಜೊತೆಯಲ್ಲೇ ನಿವೃತ್ತರಾದ ಗಣಿತದ ಮೇಷ್ಟ್ರೊಬ್ಬರು ಯುದ್ಧಕಾಲದ ವಿಜ್ಞಾನಿಗಳ ಬರಹಗಳನ್ನು ನನಗೆ ಓದಲು ಕೊಟ್ಟರು. ಕನ್ನಡ ಪಾಠ ಹೇಳಿದವನಿಗೆ ಈ ಗೊಡವೆ ಏಕೆಂದು ನೀವು ಕೇಳಬಹುದು. ಆ ಹೂದಾನಿಯ ದೆಸೆಯಿಂದ ಎಂದಷ್ಟೇ ಹೇಳಬಲ್ಲೆ. ಒಂದು ವಿಮಾನವನ್ನು ಕೆಡವಲು ನಿಜವಾಗಿ ಎಷ್ಟು ಗುಂಡು ಬೇಕಾಗುತ್ತಿತ್ತು ಎಂಬ ಪ್ರಶ್ನೆ ನನ್ನೊಳಗೆ ಆ ಜಗಲಿಯ ಸಂಜೆಯಿಂದಲೇ ಕೂತಿತ್ತು.

ಕಾವ್ಯ ಪುರಾಣಗಳನ್ನು ಕೇಳಿ ಬೆಳೆದ ನಮಗೆ ಗುರಿ ಎಂದರೆ ಒಂದು ಬಾಣಕ್ಕೆ ಒಂದು ತಲೆ. ದ್ರೋಣರು ಮರದ ಮೇಲಿರಿಸಿದ ಹಕ್ಕಿಯ ವಿಷಯದಲ್ಲಿ ಅರ್ಜುನನ ಏಕಾಗ್ರತೆಯನ್ನು ಹೊಗಳುತ್ತೇವೆ. ಆ ಹಕ್ಕಿ ಕದಲದೆ ಕೂತಿತ್ತೆಂಬುದನ್ನು ಗಮನಿಸುವುದಿಲ್ಲ. ಸ್ವಯಂವರದ ಮತ್ಸ್ಯಯಂತ್ರ ನಮ್ಮ ಪ್ರಸಂಗಕ್ಕೆ ಹೆಚ್ಚು ಹತ್ತಿರ. ಮೇಲೆ ತಿರುಗುವ ಗುರಿ, ಕೆಳಗೆ ನೀರಿನಲ್ಲಿ ಅದರ ನೆರಳು, ನೆರಳನ್ನು ನೋಡಿ ಮೇಲಕ್ಕೆ ಹೊಡೆಯಬೇಕು. ಮಹಾಯುದ್ಧದ ದೊಡ್ಡ ತೋಪಿನವನೂ ಆಕಾಶವನ್ನು ನೋಡುತ್ತಿರಲಿಲ್ಲ. ಪ್ರೆಡಿಕ್ಟರ್ ಎಂಬ ಲೆಕ್ಕದ ಯಂತ್ರ ಕಳುಹಿಸಿದ ಮುಳ್ಳನ್ನು ನೋಡಿ, ತನ್ನ ತೋಪಿನ ಮುಳ್ಳನ್ನು ಅದಕ್ಕೆ ಹೊಂದಿಸುತ್ತಿದ್ದ. ಅವನ ಮೀನು ಮಾತ್ರ ಕಂಬದ ಮೇಲಿರಲಿಲ್ಲ.

ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ವಿಮಾನ ನೆಲದಿಂದ ಇಪ್ಪತ್ತು, ಇಪ್ಪತ್ತೈದು ಸಾವಿರ ಅಡಿ ಎತ್ತರದಲ್ಲಿದೆ. ಗಂಟೆಗೆ 400 ಕಿಲೋಮೀಟರ್ ವೇಗದಲ್ಲಿ ಹಾರುತ್ತಿದೆ. ತೋಪಿನ ಬಾಯಿ ಬಿಟ್ಟ ಗುಂಡು ಅಲ್ಲಿಗೆ ತಲುಪಲು ಹದಿನೈದು ಸೆಕೆಂಡು ಬೇಕು ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ವಿಮಾನ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ಆದ್ದರಿಂದ ಹೊಡೆಯಬೇಕಾದದ್ದು ವಿಮಾನಕ್ಕಲ್ಲ, ಅದು ಇನ್ನೂ ತಲುಪಿರದ ಖಾಲಿ ಆಕಾಶದ ಒಂದು ಚುಕ್ಕೆಗೆ. ಆ ಹದಿನೈದು ಸೆಕೆಂಡಿನಲ್ಲಿ ಚಾಲಕ ಒಂದಿಷ್ಟು ಬಾಗಿದರೂ ಅಲ್ಲಿಯವರೆಗಿನ ಗಣಿತವೆಲ್ಲ ನೀರಿನಲ್ಲಿ ಹೋಮ. ಇಷ್ಟು ಸಾಲದೆಂಬಂತೆ, ಗುಂಡು ವಿಮಾನಕ್ಕೆ ತಗುಲಿ ಸಿಡಿಯುವಂಥದ್ದಲ್ಲ. ಅದರ ಮೂತಿಯಲ್ಲಿ ಗಡಿಯಾರದಂಥ ಫ್ಯೂಸು ಇತ್ತು. ಹಾರಿಸುವ ಮೊದಲೇ ಇಷ್ಟು ಸೆಕೆಂಡಿಗೆ ಸಿಡಿ ಎಂದು ಅದನ್ನು ತಿರುಗಿಸಿಡಬೇಕು. ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ ತಪ್ಪಿದರೆ ಸುಮಾರು ಮೂವತ್ತು ಮೀಟರ್ ಆಚೆಗೋ ಈಚೆಗೋ ಸಿಡಿಯುತ್ತದೆ. ವಿಮಾನ ಖಂಡಿತ ಬೀಳಬೇಕಾದರೆ ಹತ್ತು ಮೀಟರಿನ ಆಸುಪಾಸಿನಲ್ಲಾದರೂ ಸಿಡಿಯಬೇಕು.

1940ರ ಸೆಪ್ಟೆಂಬರ್ 7ರಂದು ಲಂಡನ್ನಿನ ಮೇಲೆ ಜರ್ಮನರ ದೊಡ್ಡ ದಾಳಿ ಆರಂಭವಾಯಿತು. ರಾತ್ರಿಯ ದಾಳಿ, ವಿಮಾನ ಕಣ್ಣಿಗೆ ಕಾಣದು. ಮೊದಲ ರಾತ್ರಿಗಳಲ್ಲಿ ತೋಪುಗಳು ಅಷ್ಟಾಗಿ ಮಾತಾಡಲಿಲ್ಲ. ಕತ್ತಲಲ್ಲಿ ಬಾಂಬು ಬೀಳುವ ಸದ್ದೊಂದೇ, ಪ್ರತಿಯಾಗಿ ನಮ್ಮವರ ಸದ್ದೇ ಇಲ್ಲ ಎಂದು ಜನ ಕಂಗೆಟ್ಟರು. ವಿಮಾನವಿರೋಧಿ ಪಡೆಯ ದಂಡನಾಯಕ ಫ್ರೆಡರಿಕ್ ಪೈಲ್ ಎರಡು ದಿನಗಳಲ್ಲಿ ನಗರದ ತೋಪುಗಳ ಸಂಖ್ಯೆಯನ್ನು ಇಮ್ಮಡಿಗೊಳಿಸಿ, ಗುರಿ ಸಿಗಲಿ ಬಿಡಲಿ ಇದ್ದ ತೋಪೆಲ್ಲ ಹಾರಿಸಿ ಎಂದು ಅಪ್ಪಣೆ ಕೊಟ್ಟ. ಆ ರಾತ್ರಿ ಆಕಾಶವೇ ಹರಿದಂತೆ ಸದ್ದಾಯಿತು. ಬಿದ್ದ ವಿಮಾನಗಳು ತೀರ ಕಡಮೆ. ಆದರೆ ಬೆಳಗಾದಾಗ ಜನರ ಮುಖದಲ್ಲಿ ಕಳೆ ಬಂದಿತ್ತು. ಪೈಲನೇ ಹೇಳಿಕೊಂಡ ಒಂದು ತಮಾಷೆಯುಂಟು: ಹೊರವಲಯದ ಪುರಸಭೆಯೊಂದು ಅವನಿಗೆ ಕಾಗದ ಬರೆದು, ನಿಮ್ಮ ತೋಪಿನ ಅದುರಿಗೆ ನಮ್ಮ ಮನೆಗಳ ಪಾಯಖಾನೆಯ ಪಿಂಗಾಣಿ ಬಿರುಕು ಬಿಡುತ್ತಿದೆ, ದಯವಿಟ್ಟು ಬೇರೆ ಕಡೆ ಹಾರಿಸಿಕೊಳ್ಳಿ ಎಂದು ಕೇಳಿತಂತೆ. ಯುದ್ಧದ ನಡುವೆಯೂ ಪುರಸಭೆ ಪುರಸಭೆಯೇ.

ಆ ದಿನಗಳ ಲೆಕ್ಕವನ್ನು ಬರೆದಿಟ್ಟವರಲ್ಲಿ ಮುಖ್ಯನಾದವನು ಪ್ಯಾಟ್ರಿಕ್ ಬ್ಲ್ಯಾಕೆಟ್. ಹದಿಹರೆಯದಲ್ಲಿ ನೌಕಾಪಡೆಯ ಅಭ್ಯರ್ಥಿಯಾಗಿ ಮೊದಲ ಮಹಾಯುದ್ಧದ ಜಟ್ಲೆಂಡ್ ಕಾಳಗವನ್ನು ಕಂಡವನು, ಆಮೇಲೆ ಭೌತವಿಜ್ಞಾನಿಯಾದವನು, 1948ರಲ್ಲಿ ನೊಬೆಲ್ ಬಹುಮಾನ ಪಡೆದವನು. ಸ್ವತಂತ್ರ ಭಾರತದ ರಕ್ಷಣಾ ವಿಜ್ಞಾನದ ವಿಷಯದಲ್ಲಿ ನೆಹರೂ ಸಲಹೆ ಕೇಳಿದ್ದು ಇವನನ್ನೇ. 1940ರಲ್ಲಿ ಅವನನ್ನು ಪೈಲನ ಕಚೇರಿಗೆ ಕರೆಸಿಕೊಂಡರು. ಅವನು ಕೂಡಿಸಿಕೊಂಡ ತಂಡದಲ್ಲಿ ಶರೀರವಿಜ್ಞಾನಿಗಳು ಮೂವರು, ಗಣಿತಜ್ಞರು, ಒಬ್ಬ ಖಗೋಳ ಭೌತವಿಜ್ಞಾನಿ, ಒಬ್ಬ ಭೂಮಾಪಕ. ಸೈನ್ಯದವರು ಇದನ್ನು 'ಬ್ಲ್ಯಾಕೆಟ್ಟನ ಸರ್ಕಸ್' ಎಂದು ಕರೆದರು. ತೋಪು ಹಾರಿಸಲು ಬಾರದ ಈ ಮಂದಿ ಮಾಡಿದ ಕೆಲಸವೆಂದರೆ ಎಣಿಸುವುದು.

ಅವರ ಅಳತೆಗೋಲಿಗೆ ಒಂದು ಹೆಸರಿತ್ತು: ಹಕ್ಕಿಯೊಂದಕ್ಕೆ ಎಷ್ಟು ಗುಂಡು. ಲಂಡನ್ನಿನ ದಾಳಿ ಆರಂಭವಾದಾಗ ಒಂದು ಹಕ್ಕಿಗೆ, ಎಂದರೆ ಒಂದು ವಿಮಾನಕ್ಕೆ, 20,000ಕ್ಕೂ ಹೆಚ್ಚು ಗುಂಡು ಖರ್ಚಾಗುತ್ತಿತ್ತು. ರಾಡಾರನ್ನೂ ಪ್ರೆಡಿಕ್ಟರನ್ನೂ ಹೊಂದಿಸಿ, ತೋಪುಗಳ ನೆಲೆಗಳನ್ನು ಸರಿಪಡಿಸಿ, ಕುರುಡಾಗಿ ಹಾರಿಸುವುದನ್ನು ಕಡಮೆ ಮಾಡಿದ ಮೇಲೆ, ಮರುವರ್ಷದ ಬೇಸಗೆಯ ಹೊತ್ತಿಗೆ ಅದು 4,000ಕ್ಕೆ ಇಳಿಯಿತು. ಅದೇ ತೋಪು, ಅದೇ ಗುಂಡು, ಬದಲಾದದ್ದು ಲೆಕ್ಕ.

ಈ ಎಣಿಕೆಯಲ್ಲೊಂದು ವಿನೋದ ನಡೆಯಿತು. ಸಮುದ್ರತೀರದ ತೋಪುಗಳವರು ಒಳನಾಡಿನವರಿಗಿಂತ ಅರ್ಧದಷ್ಟೇ ಗುಂಡಿನಲ್ಲಿ ಹಕ್ಕಿ ಹೊಡೆಯುತ್ತಿದ್ದಾರೆಂದು ಕಾಗದದ ಮೇಲೆ ಕಂಡಿತು. ಇದೇಕೆ? ಕರಾವಳಿಯವರ ತರಬೇತಿ ಮೇಲೇ? ಸಮುದ್ರದ ಮೇಲೆ ರಾಡಾರು ಚೆನ್ನಾಗಿ ಕಾಣುವುದೇ? ಶತ್ರು ಅಲ್ಲಿ ನೇರವಾಗಿ, ಕೆಳಗೆ ಹಾರುವನೇ? ಎಲ್ಲ ಊಹೆಗಳನ್ನೂ ತೂಗಿ ನೋಡಿದ ಬ್ಲ್ಯಾಕೆಟ್ಟನಿಗೆ ಕಡೆಗೊಮ್ಮೆ ಥಟ್ಟನೆ ಹೊಳೆಯಿತು. ಒಳನಾಡಿನಲ್ಲಿ ವಿಮಾನ ಬಿತ್ತೆಂದು ಯಾರಾದರೂ ಹೇಳಿದರೆ, ಹೋಗಿ ಅದರ ಅವಶೇಷವನ್ನು ನೋಡಿ ಲೆಕ್ಕಕ್ಕೆ ಸೇರಿಸುತ್ತಿದ್ದರು. ಸಮುದ್ರದಲ್ಲಿ ನೋಡಲು ಹೋಗುವವರಾರು? ಬಿತ್ತೆಂದರೆ ಬಿತ್ತು. ಸುಳ್ಳು ಹೇಳುವ ಉದ್ದೇಶ ಯಾರಿಗೂ ಇರಲಿಲ್ಲ. ಕತ್ತಲಲ್ಲಿ ಬೆಂಕಿಯ ಮಿಂಚು ಕಂಡವನಿಗೆ ತನ್ನ ಗುಂಡು ತಾಗಿತೆಂದೇ ಅನಿಸುತ್ತದೆ. ನಮ್ಮ ಶಾಸನಗಳಲ್ಲಿ ರಾಜರು ಗೆದ್ದ ದೇಶಗಳ ಪಟ್ಟಿ ಓದುವಾಗಲೆಲ್ಲ ನನಗೀಗ ಆ ಕರಾವಳಿಯ ತೋಪುಗಳು ನೆನಪಾಗುತ್ತವೆ.

ಜರ್ಮನರ ಕಡೆ ಲೆಕ್ಕ ಇನ್ನೂ ಕಠೋರ. ಅವರ ಪ್ರಸಿದ್ಧವಾದ 88 ಮಿಲಿಮೀಟರಿನ ತೋಪು 1944ರ ವೇಳೆಗೆ ಒಂದು ಬಾಂಬರನ್ನು ಕೆಡವಲು ಸರಾಸರಿ 16,000 ಗುಂಡು ನುಂಗುತ್ತಿತ್ತು. ಒಂದೊಂದು ಗುಂಡಿನ ತೂಕ, ತೋಟೆಯನ್ನೂ ಮದ್ದನ್ನೂ ಬಿಟ್ಟು, ಒಂಬತ್ತು ಕಿಲೋಗ್ರಾಂಗೆ ಮೇಲೆ. ಕೂಡಿದರೆ ಸುಮಾರು 150 ಟನ್. ಅಮೆರಿಕದ ಬಿ-17 ಬಾಂಬರಿನ ತೂಕ, ಬಾಂಬು ಪೆಟ್ರೋಲು ತುಂಬುವ ಮೊದಲು, 16 ಟನ್ನಿನಷ್ಟು. ತನ್ನ ತೂಕದ ಒಂಬತ್ತು ಪಟ್ಟು ಕಬ್ಬಿಣವನ್ನು ಎಸೆದ ಮೇಲೆ ಅದು ನೆಲಕ್ಕೆ ಬರುತ್ತಿತ್ತು. 128 ಮಿಲಿಮೀಟರಿನ ದೊಡ್ಡ ತೋಪಿಗೆ ಸುಮಾರು 3,000 ಗುಂಡು ಸಾಕಾಗುತ್ತಿತ್ತಾದರೂ ಅಂಥ ತೋಪುಗಳಿದ್ದದ್ದು ಕಡಮೆ. ಕಾರಣಗಳೂ ಇದ್ದವು: ಸವೆದ ನಳಿಗೆಗಳು, ಎತ್ತರದಲ್ಲಿ ಹಾರುವ ವಿಮಾನಗಳು, 1943ರ ಜುಲೈಯಿಂದ ರಾಡಾರನ್ನು ಕುರುಡಾಗಿಸಲು ಬ್ರಿಟಿಷರು ಆಕಾಶದಲ್ಲಿ ಚೆಲ್ಲತೊಡಗಿದ ಲೋಹದ ಹಾಳೆಯ ಪಟ್ಟಿಗಳು. ಇನ್ನೊಂದು ಕಾರಣ: ಬಲ್ಲ ಸೈನಿಕರೆಲ್ಲ ರಣರಂಗಕ್ಕೆ ಹೋಗಿ, ತೋಪುಗಳ ಪಕ್ಕದಲ್ಲಿ ಹದಿನೈದು ಹದಿನಾರರ ಶಾಲೆಯ ಹುಡುಗರು ನಿಂತಿದ್ದರು. ಹಗಲು ಅಲ್ಲೇ ಪಾಠ, ರಾತ್ರಿ ತೋಪು. ಮೇಷ್ಟರಾಗಿದ್ದ ನನಗೆ ಈ ಮಾತನ್ನು ಓದಿ ಮುಂದಕ್ಕೆ ಹೋಗುವುದು ಸುಲಭವಾಗಲಿಲ್ಲ.

ಆಕಾಶದಲ್ಲೇ ಹತ್ತಿರದಿಂದ ಹೊಡೆಯುವ ವಿಮಾನಗಳ ಪಾಡೂ ಹೆಚ್ಚು ಬೇರೆಯಲ್ಲ. ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನದ ಎಂಟು ಬಂದೂಕುಗಳಲ್ಲಿ ತಲಾ 300ರಂತೆ 2,400 ಗುಂಡು. ಗುಂಡಿ ಒತ್ತಿ ಹಿಡಿದರೆ ಹದಿನೈದು ಸೆಕೆಂಡಿನ ಆಸುಪಾಸಿನಲ್ಲಿ ಎಲ್ಲ ಖಾಲಿ. ಬಿ-17 ಬೀಳಲು 20 ಮಿಲಿಮೀಟರಿನ ಇಪ್ಪತ್ತು ಗುಂಡಾದರೂ ತಾಗಬೇಕೆಂದು ಜರ್ಮನರು ಕಂಡುಕೊಂಡಿದ್ದರು. ಸಾಮಾನ್ಯ ಚಾಲಕ ಹೊಡೆದ ನೂರರಲ್ಲಿ ತಾಗುತ್ತಿದ್ದದ್ದು ಎರಡು. ಹಾಗಾದರೆ ಒಂದಕ್ಕೆ ಸಾವಿರ.

ಮೇಲೆ ಹೋದದ್ದು ಕೆಳಗೆ ಬರಲೇಬೇಕು. 1941ರ ಡಿಸೆಂಬರ್ 7ರಂದು ಜಪಾನೀಯರು ಪರ್ಲ್ ಹಾರ್ಬರಿನ ಮೇಲೆರಗಿದಾಗ, ಪಕ್ಕದ ಹೊನೊಲುಲು ಊರಿನಲ್ಲಿ ಸುಮಾರು ನಲವತ್ತು ಕಡೆ ಸ್ಫೋಟಗಳಾದವು. ಜನ ಅವೆಲ್ಲ ಜಪಾನಿನ ಬಾಂಬುಗಳೆಂದೇ ತಿಳಿದರು. ಹುಡುಕಿ ನೋಡಿದರೆ ಒಂದನ್ನು ಬಿಟ್ಟು ಉಳಿದವೆಲ್ಲ ಅಮೆರಿಕದ್ದೇ ತೋಪುಗಳ ಗುಂಡು. ಮೇಲೆ ಸಿಡಿಯದೆ, ತಮ್ಮವರ ಮನೆ ಬೀದಿಗಳ ಮೇಲೆ ಬಿದ್ದು ಸಿಡಿದವು. ಎರಡೂವರೆ ತಿಂಗಳ ಬಳಿಕ, 1942ರ ಫೆಬ್ರವರಿ 25ರ ಬೆಳಗಿನ ಜಾವ, ಲಾಸ್ ಏಂಜಲೀಸಿನ ತೋಪುಗಳು 1,400ಕ್ಕೂ ಹೆಚ್ಚು ಗುಂಡು ಹಾರಿಸಿದವು. ಆಕಾಶದಲ್ಲಿ ಶತ್ರುವಿನ ಒಂದು ವಿಮಾನವೂ ಇರಲಿಲ್ಲ. ಹವೆ ನೋಡಲು ಬಿಟ್ಟ ಬೆಲೂನೊಂದು ಮೊದಲ ಭ್ರಮೆಗೆ ಕಾರಣವಿರಬೇಕೆಂದರು. ಆಮೇಲೆ ತಮ್ಮದೇ ಗುಂಡಿನ ಹೊಗೆಯನ್ನು ಕಂಡು ಮತ್ತೆ ಹೊಡೆದರು.

ಇನ್ನೊಂದು ತುದಿಯನ್ನೂ ಹೇಳಬೇಕು. ಫ್ಯೂಸಿನ ಗಡಿಯಾರವನ್ನೇ ತೆಗೆದುಹಾಕಿ, ಗುಂಡಿನ ಮೂತಿಯಲ್ಲಿ ಪುಟ್ಟದೊಂದು ರೇಡಿಯೋ ಇಟ್ಟರೆ? ಅದು ಅಲೆಯನ್ನು ಬಿಡುತ್ತಾ ಹೋಗುತ್ತದೆ. ವಿಮಾನಕ್ಕೆ ತಾಗಿ ಅಲೆ ಮರಳಿದೊಡನೆ ತಾನೇ ಸಿಡಿಯುತ್ತದೆ. ಗಾಜಿನ ವಾಲ್ವುಗಳಿದ್ದ ರೇಡಿಯೋ ತೋಪಿನ ಆಘಾತವನ್ನು ತಡೆದುಕೊಳ್ಳಬೇಕಿತ್ತು ಎಂಬುದನ್ನು ನೆನೆದರೆ, ಕೈ ಜಾರಿ ಬಿದ್ದೊಡನೆ ಮೂಕವಾಗುತ್ತಿದ್ದ ನಮ್ಮ ಮನೆಯ ರೇಡಿಯೋ ನೆನಪಾಗಿ ನಗು ಬರುತ್ತದೆ. 1943ರ ಜನವರಿಯಲ್ಲಿ ಅಮೆರಿಕದ ಹೆಲೆನಾ ಎಂಬ ಯುದ್ಧನೌಕೆ ಇಂಥ ಗುಂಡಿನಿಂದ ಮೊದಲ ಜಪಾನಿ ವಿಮಾನವನ್ನು ಕೆಡವಿತು. 1944ರ ಬೇಸಗೆಯಲ್ಲಿ ಜರ್ಮನರ ಚಾಲಕರಿಲ್ಲದ ವಿ-1 ಹಾರುಬಾಂಬುಗಳು ಲಂಡನ್ನಿಗೆ ಬರತೊಡಗಿದಾಗ, ಈ ಫ್ಯೂಸು, ಹೊಸ ರಾಡಾರು, ಹೊಸ ಪ್ರೆಡಿಕ್ಟರು ಮೂರೂ ಕೂಡಿದವು. ತೋಪುಗಳನ್ನೆಲ್ಲ ಕರಾವಳಿಗೆ ಸಾಗಿಸಿದರು. ಆರಂಭದಲ್ಲಿ ಒಂದಕ್ಕೆ 2,500 ಗುಂಡು ಬೇಕಾಗಿದ್ದದ್ದು ಕಡೆಗೆ ನೂರಕ್ಕೆ ಇಳಿಯಿತೆಂದು ಲೆಕ್ಕ. ಆಗಸ್ಟ್ 28ರಂದು ಬಂದ 97ರಲ್ಲಿ ಲಂಡನ್ ತಲುಪಿದ್ದು ನಾಲ್ಕು. ವಿ-1 ನೇರವಾಗಿ, ಒಂದೇ ವೇಗದಲ್ಲಿ ಬರುತ್ತಿತ್ತೆಂಬುದನ್ನು ಮರೆಯಬಾರದು. ಅದು ಅರ್ಜುನನ ಮರದ ಹಕ್ಕಿ. ಒಳಗೆ ಹೆದರುವವನಾಗಲಿ ಬಾಗುವವನಾಗಲಿ ಇರಲಿಲ್ಲ.

ಹಕ್ಕಿ ಎಂಬ ಮಾತಿನ ಬಳಿ ನಾನು ಸ್ವಲ್ಪ ನಿಲ್ಲಬೇಕು. ಶಬ್ದಗಳ ಜೊತೆ ಮೂವತ್ತೈದು ವರ್ಷ ಜೀವನ ಸಾಗಿಸಿದವನಿಗೆ ಅದು ಅಭ್ಯಾಸ. ಬೇಟೆಯ ಭಾಷೆಯಿಂದ ಅದನ್ನು ತೋಪಿನವರು ತಂದುಕೊಂಡರು. ಹಾಗೆ ಕರೆದರೆ ಮನಸ್ಸಿಗೆ ಹಗುರ. ಆದರೆ ಬಿ-17ರ ಒಳಗೆ ಹತ್ತು ಜನ ಇರುತ್ತಿದ್ದರು, ಹೆಚ್ಚಿನವರು ಇಪ್ಪತ್ತರ ಆಚೀಚಿನವರು. 'ಹಕ್ಕಿಯೊಂದಕ್ಕೆ ಹದಿನಾರು ಸಾವಿರ' ಎಂಬ ಲೆಕ್ಕದಲ್ಲಿ ಆ ಹತ್ತು ಜನ ಇಲ್ಲ. ಕೆಳಗೆ ನಿದ್ದೆಗಣ್ಣಿನಲ್ಲಿ ಗುಂಡು ತುಂಬುತ್ತಿದ್ದ ಶಾಲೆಯ ಹುಡುಗನೂ ಇಲ್ಲ. ಲೆಕ್ಕ ತಪ್ಪಲ್ಲ. ಅದು ಎಣಿಸಹೊರಟದ್ದು ಅವರನ್ನಲ್ಲ, ಅಷ್ಟೆ.

ಅದು ಎಣಿಸದೆ ಬಿಟ್ಟದ್ದು ಇನ್ನೂ ಒಂದಿತ್ತು. ಅದನ್ನು ಅಮೆರಿಕದ ಮೋರ್ಸ್, ಕಿಂಬಾಲ್ ಎಂಬಿಬ್ಬರು ವಿಜ್ಞಾನಿಗಳು ಯುದ್ಧಾನಂತರ ಬರೆದ ಪುಸ್ತಕದಲ್ಲಿ ಓದಿದೆ. ಮೆಡಿಟರೇನಿಯನ್ ಸಮುದ್ರದಲ್ಲಿ ಸರಕು ಸಾಗಿಸುವ ಬ್ರಿಟಿಷ್ ವ್ಯಾಪಾರಿ ಹಡಗುಗಳ ಮೇಲೆ ಶತ್ರು ವಿಮಾನಗಳ ಕಾಟ ವಿಪರೀತವಾಗಿತ್ತು. ಅವಕ್ಕೆ ವಿಮಾನವಿರೋಧಿ ತೋಪುಗಳನ್ನೂ ತೋಪಿನವರನ್ನೂ ಕೊಟ್ಟರು. ತೋಪು ದುಬಾರಿ, ಬೇರೆ ಕಡೆ ಅದರ ಕೊರತೆ. ಸ್ವಲ್ಪ ಕಾಲದ ಮೇಲೆ ಲೆಕ್ಕ ತೆಗೆದು ನೋಡಿದರೆ, ನೂರು ದಾಳಿಗಳಲ್ಲಿ ವಿಮಾನ ಬಿದ್ದದ್ದು ನಾಲ್ಕರಲ್ಲಿ ಮಾತ್ರ. ದಂಡ, ತೋಪುಗಳನ್ನು ವಾಪಸು ತರಿಸಿ ಎಂಬ ಮಾತು ಬಂತು. ಆಗ ಲೆಕ್ಕದವರಿಗೆ ಬೇರೆಯೊಂದು ಪ್ರಶ್ನೆ ಹೊಳೆಯಿತು. ತೋಪು ಇಟ್ಟದ್ದು ವಿಮಾನ ಬೀಳಲೆಂದೋ, ಹಡಗು ಉಳಿಯಲೆಂದೋ? ದಾಳಿಗೆ ಸಿಕ್ಕ ಹಡಗುಗಳಲ್ಲಿ, ತೋಪು ಹಾರಿಸದಿದ್ದವು ನೂರಕ್ಕೆ 25 ಮುಳುಗಿದ್ದವು. ಹಾರಿಸಿದವು ನೂರಕ್ಕೆ ಹತ್ತು ಮಾತ್ರ. ಗುಂಡು ವಿಮಾನಕ್ಕೆ ತಾಗಿರಲಿಲ್ಲ. ಆದರೆ ಕೆಳಗಿನಿಂದ ಬೆಂಕಿ ಏಳುವುದನ್ನು ಕಂಡ ಚಾಲಕ ಎತ್ತರದಲ್ಲೇ ಉಳಿದಿದ್ದ, ಅವಸರದಲ್ಲಿ ಬಾಂಬು ಬಿಟ್ಟಿದ್ದ, ಬಾಂಬು ಸಮುದ್ರಕ್ಕೆ ಬಿದ್ದಿತ್ತು. ತೋಪುಗಳನ್ನು ಹಡಗಿನಲ್ಲೇ ಉಳಿಸಿದರು.

ಈ ಪುಟವನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನೂ ಆ ಜಗಲಿಯಲ್ಲಿ ನಕ್ಕಿದ್ದೆನಲ್ಲ. ವಾರ ಕಳೆಯುವುದರೊಳಗೆ ಹಾಸನದ ಬಸ್ಸು ಹತ್ತಿ ಊರಿಗೆ ಹೋದೆ. ಮಾವನಿಗೆ ಆಗ ಎಪ್ಪತ್ತೇಳು. ಕಿವಿ ಮಂದ, ನೆನಪು ಚುರುಕು. ಹಡಗುಗಳ ಕತೆಯನ್ನು ಎರಡು ಸಲ ಗಟ್ಟಿಯಾಗಿ ಹೇಳಿದೆ. ಅವರು ಕೇಳಿಸಿಕೊಂಡು ಬಹಳ ಹೊತ್ತು ಸುಮ್ಮನಿದ್ದರು.

"ಮಾವ, ಅವತ್ತು ನಿಮ್ಮ ಕಡೆ ಏನಾಯ್ತು?" ಎಂದು ಕೇಳಿದೆ. ಐವತ್ತು ವರ್ಷದಲ್ಲಿ ಮನೆಯವರು ಯಾರೂ ಅದನ್ನು ಕೇಳಿರಲಿಲ್ಲ.

"ಕತ್ತಲಾಗ್ತಾ ಇತ್ತು ಕಣೋ. ಎರಡು ಬಂದವು, ಮರದ ತುದಿ ಮುಟ್ಟೋ ಹಾಗೆ. ನಾಲ್ಕು ನಾಲ್ಕು ಗುಂಡು ತುಂಬ್ತಾನೇ ಇದ್ದೆ, ಕೈ ಸುಟ್ಟುಹೋಯ್ತು. ನಮ್ಮ ಬೆಂಕಿ ಕಂಡಿದ್ದೇ ತಡ, ಗಕ್ಕನೆ ಮೇಲೆದ್ದವು. ಬಾಂಬು ಹೋಗಿ ಆಚೆ ಹೊಲಕ್ಕೆ ಬಿತ್ತು. ಗೋಧಿ ಪೈರು ಆಗ ತಾನೇ ಎದ್ದಿತ್ತು, ಪಾಪ, ಯಾರ ಹೊಲವೋ."

"ರನ್‌ವೇ?"

"ಅದಕ್ಕೇನಾಗಿತ್ತು? ಬೆಳಿಗ್ಗೆ ನಮ್ಮ ವಿಮಾನ ಅದರ ಮೇಲೇ ಹಾರಿದವು."

"ಇದನ್ನ ಅಜ್ಜನಿಗೆ ಹೇಳಬಾರದಿತ್ತೇ?"

"ಅಪ್ಪ ಕೇಳಿದ್ದು ಎಷ್ಟು ಬಿತ್ತು ಅಂತ. ಬಿದ್ದದ್ದು ಸೊನ್ನೆ ತಾನೇ?" ಎಂದು ಹೇಳಿ ಅವರು ಅತ್ತೆಯ ಕಡೆ ತಿರುಗಿದರು. ಆ ಹೂದಾನಿ ಎಲ್ಲಿದೆ ನೋಡು ಎಂದರು. ಅಟ್ಟದಿಂದ ಇಳಿಸಿ ತಂದಾಗ ಅದು ಕಪ್ಪಿಟ್ಟು, ಒಳಗೆ ಜೇಡರ ಬಲೆ ಕಟ್ಟಿತ್ತು. ಅತ್ತೆ ಹುಣಸೆಹಣ್ಣು ನೆನೆಸಿ ಕೊಟ್ಟರು. ಹಿತ್ತಿಲ ಕಲ್ಲಿನ ಮೇಲೆ ಕೂತು ನಾನೇ ಉಜ್ಜಿದೆ. ಅರ್ಧ ಗಂಟೆಯ ಮೇಲೆ ತಳದ ಅಕ್ಷರಗಳು ಬೆಳಗಿ ಎದ್ದವು; ಅವುಗಳ ಕೊನೆಗೆ ಎರಡು ಅಂಕೆ, 67. ಅದು ಗುಂಡು ತಯಾರಾದ ಇಸವಿ ಎಂದು ಮಾವ ಹಿತ್ತಿಲ ಬಾಗಿಲಲ್ಲಿ ನಿಂತು ಹೇಳಿದರು.